ಒರೆಸಿಟ್ಟ ಪೆಟ್ಟಿಗೆ

ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಗ್ಯಾರೇಜ್ ಮಾಲೀಕ ಠಾಣೆಯ ಮೆಟ್ಟಿಲು ಹತ್ತಿ ಬಂದ. ಅವನ ಹಿಂದೆ ಐದು ಹೆಜ್ಜೆ ದೂರದಲ್ಲಿ ಇನ್ನೊಬ್ಬನಿದ್ದ. ಮಾಲೀಕ ನೇರ ಒಳಗೆ ಬಂದು ಬೆಂಚಿನ ಮೇಲೆ ಕುಳಿತ. ಹಿಂದಿನವನು ಬಾಗಿಲ ಹೊರಗೇ ನಿಂತ. ಇಬ್ಬರ ಅಂಗಿಯ ಜೇಬಿನ ಮೇಲೂ ಒಂದೇ ಗ್ಯಾರೇಜಿನ ಹೆಸರು ಹೊಲಿದಿತ್ತು. ಅದಿಲ್ಲದಿದ್ದರೆ ಅವರು ಒಟ್ಟಿಗೆ ಬಂದವರೆಂದು ಬರವಣಿಗೆಯ ಮೇಜಿನ ಮುಂದೆ ಕುಳಿತಿದ್ದ ಮಹಿಳಾ ಕಾನ್‌ಸ್ಟೇಬಲ್‌ಗೆ ಗೊತ್ತಾಗುತ್ತಿರಲಿಲ್ಲ.

ಮಾಲೀಕ ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಹನ್ನೆರಡು ದಿನದ ಹಿಂದೆ ಒಂದು ಬಿಳಿ ಕಾರು ರಿಪೇರಿಗೆ ಬಂದಿತ್ತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ನರ್ಸಿನದು. ಅವರು ಅದನ್ನು ಕೊಂಡು ಎರಡೇ ತಿಂಗಳು. ಬಿಸಿಯಾದ ಕೂಡಲೇ ಎಲ್ಲೆಂದರಲ್ಲಿ ನಿಂತುಬಿಡುತ್ತಿತ್ತು, ತಣ್ಣಗಾದರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಗ್ಯಾರೇಜಿನ ಎಲೆಕ್ಟ್ರಿಷಿಯನ್ ನಾಲ್ಕು ದಿನ ಒಂದೊಂದೇ ತಂತಿ, ಒಂದೊಂದೇ ಸೆನ್ಸರ್ ಹಿಡಿದು ನೋಡಿ, ಕೊನೆಗೆ ತಪ್ಪು ಇಸಿಯುನಲ್ಲಿದೆ ಎಂದ.

ಅದೇನೆಂದು ಅವಳು ಕೇಳಿದಳು.

ಎಂಜಿನ್ ನಡೆಸುವ ಕಂಪ್ಯೂಟರು ಎಂದ ಮಾಲೀಕ. ಊಟದ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಕೊಡಬೇಕು, ಎಲ್ಲ ಅದರ ಯಜಮಾನಿಕೆ. ಹೊಸ ಪೆಟ್ಟಿಗೆ ತರಿಸಿದ್ದಾಗಿತ್ತು. ಹಳೆಯದನ್ನು ಕಂಪನಿಗೆ ಹಿಂದಕ್ಕೆ ಕಳಿಸಬೇಕು, ಅದು ಕರಾರು. ಕಳಿಸುವ ಮುಂಚೆ ಅದರೊಳಗಿರುವ ಕೀಯ ಗುರುತನ್ನು ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು. ಇಲ್ಲವಾದರೆ ಕಾರು ತನ್ನ ಕೀಯನ್ನೇ ಗುರುತು ಹಿಡಿಯುವುದಿಲ್ಲ, ಸ್ಟಾರ್ಟ್ ಆಗುವುದಿಲ್ಲ. ನಿನ್ನೆ, ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ನಕಲು ಮಾಡಲೆಂದು ಎಲೆಕ್ಟ್ರಿಷಿಯನ್ ಸ್ಟೋರಿನಿಂದ ಹಳೆಯದನ್ನು ತೆಗೆದಾಗ ಅದರ ಚೀಟಿಯ ಮೇಲಿನ ನಂಬರ್ ಬೇರೆಯಾಗಿತ್ತು. ಜಾತಿ ಅದೇ, ಆದರೆ ಆ ಕಾರಿನ ಪೆಟ್ಟಿಗೆ ಅಲ್ಲ. ಯಾರೋ ಬದಲಾಯಿಸಿದ್ದರು.

"ಯಾರ ಮೇಲಾದರೂ ಅನುಮಾನ ಇದೆಯಾ?"

ಮಾಲೀಕ ಬಾಗಿಲ ಕಡೆ ನೋಡಿದ. "ಸ್ಟೋರಿನ ಬೀಗದ ಕೈ ಒಬ್ಬನ ಸೊಂಟದಲ್ಲೇ ಇರುತ್ತೆ. ಅವನೇ ನಮ್ಮ ಎಲೆಕ್ಟ್ರಿಷಿಯನ್. ನನ್ನ ಹೆಂಡತಿಯ ತಮ್ಮ. ಬೆಕ್ಕನ್ನ ಹಾಲು ಕಾಯೋಕೆ ಕೂರಿಸಿದ ಹಾಗಾಯ್ತು ನನ್ನ ಕತೆ. ಬರ್ಕೊಳ್ಳಿ ಅದನ್ನೂ."

ಅವಳು ಬರೆದುಕೊಂಡಳು. ಹೊರಗೆ ನಿಂತವನಿಗೆ ಕೇಳಿಸಿರಬೇಕು. ಅವನು ನೆಲದ ಮೇಲಿನ ಒಂದು ಎಣ್ಣೆ ಕಲೆಯನ್ನು ಚಪ್ಪಲಿಯ ತುದಿಯಿಂದ ಉಜ್ಜುತ್ತಿದ್ದ. ಶನಿವಾರ ಸಂಜೆಯೊಳಗೆ ಪೆಟ್ಟಿಗೆ ಸಿಗಬೇಕು, ಇಲ್ಲದಿದ್ದರೆ ಗ್ಯಾರೇಜಿನ ಮೇಲಿನ ಕೋಣೆಯ ಬೀಗದ ಕೈಯನ್ನೂ ಕೊಟ್ಟು ಹೊರಡಬೇಕು ಎಂದು ಅವನಿಗೆ ಹೇಳಿಯಾಗಿದೆಯೆಂದು ಮಾಲೀಕ ತಿಳಿಸಿದ. ಅವನು ಹದಿನೇಳು ವರ್ಷದಿಂದ ಆ ಕೋಣೆಯಲ್ಲಿದ್ದ. ಬೇರೆ ಮನೆಯಿರಲಿಲ್ಲ.

12.05ಕ್ಕೆ ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಐವತ್ತರ ಹತ್ತಿರದವರು. ಪ್ರಶ್ನೆ ಕೇಳಿ ಕಿಟಕಿಯ ಕಡೆ ನೋಡುವುದು ಅವರ ಅಭ್ಯಾಸ. ಎದುರಿಗಿರುವವರಿಗೆ ಉತ್ತರ ಕಿಟಕಿಯ ಹೊರಗೆಲ್ಲೋ ಬಿದ್ದಿದೆಯೇನೋ ಅನ್ನಿಸಬೇಕು, ಹಾಗೆ. ದೂರು ಓದಿ ಅವರು ದಫೇದಾರರನ್ನು ಕರೆದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ದಫೇದಾರರಿಗೆ ಇಂಥ ಕೇಸುಗಳ ಬಗ್ಗೆ ತಾತ್ಸಾರ.

"ಕೆಟ್ಟುಹೋದ ಪೆಟ್ಟಿಗೆ ಕದಿಯೋ ಕಳ್ಳ ಅಂದ್ರೆ ಹೊಟ್ಟೆಗಿಲ್ಲದವನಲ್ಲ ಸರ್, ಮಂಡೆಗಿಲ್ಲದವನು," ಎಂದರು.

"ಕೆಟ್ಟದ್ದನ್ನು ಯಾರು ಕದೀತಾರೆ?" ಎಂದು ಇನ್‌ಸ್ಪೆಕ್ಟರ್ ಕಿಟಕಿಯನ್ನು ಕೇಳಿದರು.

ಮಧ್ಯಾಹ್ನ 2.30ಕ್ಕೆ ಮೂವರೂ ಗ್ಯಾರೇಜಿಗೆ ಹೋದರು. ಪಕ್ಕದ ಟಯರ್ ಅಂಗಡಿಯವನನ್ನೂ ಎದುರಿನ ಟೈಲರನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಬರೆಯಲಾಯಿತು. ಸ್ಟೋರು ಆರಡಿ ಅಗಲ, ಎಂಟಡಿ ಉದ್ದ. ಒಂದೇ ಬಾಗಿಲು, ಕಿಟಕಿಯಿಲ್ಲ. ಬೀಗ ಮುರಿದ ಗುರುತಿಲ್ಲ. ಮೂರು ಗೋಡೆಗೂ ಕಬ್ಬಿಣದ ರ‍್ಯಾಕು. ಬೇರಿಂಗ್, ಬ್ರೇಕ್ ಪ್ಯಾಡ್, ಹಳೆಯ ಹಾರ್ನು, ಸುತ್ತಿಟ್ಟ ತಂತಿ. ಪ್ರತಿಯೊಂದಕ್ಕೂ ಒಂದು ಚೀಟಿ, ಪ್ರತಿಯೊಂದರ ಮೇಲೂ ಗ್ರೀಸು ಮತ್ತು ಧೂಳಿನ ಒಂದು ಪದರ. ಎಡಗಡೆ ಎರಡನೇ ಹಲಗೆಯಲ್ಲಿ ಬದಲಾದ ಪೆಟ್ಟಿಗೆ ಇತ್ತು. ಒಂದು ಮೂಲೆಯಲ್ಲಿ ಹಳದಿ ಬಣ್ಣದ ಚುಕ್ಕೆ.

ಮಹಿಳಾ ಕಾನ್‌ಸ್ಟೇಬಲ್ ಪೆಟ್ಟಿಗೆಯ ಅಳತೆ ಬರೆದಳು, ನಂಬರ್ ಬರೆದಳು, ಚುಕ್ಕೆಯನ್ನು ಬರೆದಳು. ಆಮೇಲೆ ಪೆನ್ನು ನಿಂತಿತು. ಪೆಟ್ಟಿಗೆಯ ಬೆನ್ನಿನ ಮೇಲೆ ಬಾಚಣಿಗೆಯ ಹಲ್ಲಿನಂತೆ ಗೆರೆಗಳಿದ್ದವು, ಬಿಸಿ ಹೊರಹೋಗಲು. ಆ ಸಂದುಗಳಲ್ಲಿ ಕೂಡ ಒಂದು ಕಣ ಧೂಳಿರಲಿಲ್ಲ. ಇಡೀ ಸ್ಟೋರಿನಲ್ಲಿ ಅದೊಂದೇ ವಸ್ತುವನ್ನು ಯಾರೋ ಕೂತು ಒರೆಸಿದ್ದರು.

"ಇಲ್ಲಿ ಸಾಮಾನು ಒರೆಸಿ ಇಡ್ತೀರಾ?" ಎಂದು ಅವಳು ಎಲೆಕ್ಟ್ರಿಷಿಯನ್ನನ್ನು ಕೇಳಿದಳು.

"ಒರೆಸಿದ್ರೆ ಯಾವುದು ಯಾವ ಗಾಡಿದು ಅಂತ ಮರೆತುಹೋಗುತ್ತೆ ಮೇಡಂ. ಕೊಳೆ ನೋಡೇ ಗುರುತು ಹಿಡಿಯೋದು ನಾವು."

ಅವನಿಗೆ ನಲವತ್ತನಾಲ್ಕು. ಮಾತಾಡುವಾಗ ಕನ್ನಡಕ ತೆಗೆದು, ಮಡಿಸಿ, ಒಂದು ಮೆತ್ತನೆಯ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಮೈಯ ಮೇಲಿನ ಬಟ್ಟೆ, ಕಾಲಿನ ಚಪ್ಪಲಿ ಎಲ್ಲ ಸವೆದಿದ್ದವು. ಕನ್ನಡಕ ಮಾತ್ರ ಹೊಸದು.

ಇನ್‌ಸ್ಪೆಕ್ಟರ್ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದರು.

"ಬೀಗ ಯಾವಾಗಾದರೂ ತೆಗೆದೇ ಬಿಟ್ಟಿದ್ದುಂಟಾ?"

"ಇಲ್ಲ ಸರ್."

"ಊಟದ ಹೊತ್ತಲ್ಲಿ?"

"ಹಾಕ್ಕೊಂಡೇ ಹೋಗೋದು."

"ಎಲ್ಲಿಗೆ?"

"ಮೇಲೆ. ನನ್ನ ಕೋಣೆಗೆ."

"ಅಕ್ಕನ ಮನೆ ಹಿಂದುಗಡೆನೇ ಇದೆಯಲ್ಲ?"

"ಇದೆ ಸರ್," ಎಂದ. ಅಷ್ಟೇ.

ಹೊರಗಿನವರು ಯಾರು ಬಂದಿದ್ದರೆಂದು ಕೇಳಿದಾಗ ಮಾಲೀಕ ರಿಜಿಸ್ಟರ್ ತಂದುಕೊಟ್ಟ. ಶುಕ್ರವಾರ ನಾಲ್ಕು ಗಾಡಿ, ಶನಿವಾರ ಎರಡು. ಆರೂ ಗಾಡಿಯವರು ಹೊರಗಿನ ಶೆಡ್ಡಿನಲ್ಲೇ ನಿಂತು ಹೋದವರು, ಹಳೆಯ ಪರಿಚಯದವರು. ಎಲೆಕ್ಟ್ರಿಷಿಯನ್ ರಿಜಿಸ್ಟರಿನ ಕಡೆ ನೋಡಲಿಲ್ಲ.

ಮೇಲಿನ ಕೋಣೆಯನ್ನು ಶೋಧಿಸಿದರು. ಒಂದು ಮಂಚ, ಒಂದು ಸ್ಟೌ, ಒಂದು ಕುರ್ಚಿ, ಗೋಡೆಗೆ ಹೊಡೆದ ಒಂದು ಮೊಳೆಯಲ್ಲಿ ಒಂದು ಅಂಗಿ. ಕದ್ದ ಮಾಲು ಸಿಗಲಿಲ್ಲ. ತೊಳೆಯುವ ಕಲ್ಲಿನ ಮೇಲೆ ಎರಡು ಲೋಟ ಬೋರಲು ಹಾಕಿದ್ದವು. ಒಂದೇ ಕುರ್ಚಿಯಿರುವ ಕೋಣೆಯಲ್ಲಿ ಎರಡು ಲೋಟ. ಮಹಿಳಾ ಕಾನ್‌ಸ್ಟೇಬಲ್ ಅದನ್ನು ಪಂಚನಾಮೆಯಲ್ಲಿ ಬರೆಯಲಿಲ್ಲ, ತನ್ನ ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ಅವಳ ಕ್ವಾರ್ಟರ್ಸಿನಲ್ಲೂ ಎರಡು ಲೋಟಗಳಿದ್ದವು. ಎರಡನೆಯದನ್ನು ತೊಳೆಯುವ ಸಂದರ್ಭ ಬಂದು ಎಷ್ಟು ದಿನವಾಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜೀಪಿನಲ್ಲಿ ದಫೇದಾರರು, "ಇವನಲ್ಲ ಬಿಡಿ ಸರ್," ಎಂದರು. "ಬದಲಾಗಿದೆ ಅಂತ ಬಾಯಿಬಿಟ್ಟು ಹೇಳಿದವನೇ ಇವನು. ಕಳ್ಳನಾಗಿದ್ರೆ ಸುಮ್ಮನಿದ್ದುಬಿಡ್ತಿದ್ದ."

"ಆದರೆ ಏನೋ ಮುಚ್ಚಿಡ್ತಿದ್ದಾನೆ," ಎಂದರು ಇನ್‌ಸ್ಪೆಕ್ಟರ್.

ಬುಧವಾರ ಬೆಳಿಗ್ಗೆ 10.15ಕ್ಕೆ ದಫೇದಾರರೂ ಅವಳೂ ಹಳದಿ ಚುಕ್ಕೆಯನ್ನು ಹುಡುಕಿಕೊಂಡು ಗುಜರಿ ಬೀದಿಗೆ ಹೋದರು. ಒಡೆದ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಗಳು ಎರಡು ಸಾಲು. ತಮ್ಮ ಮಾಲು ಪಕ್ಕದವನ ರಾಶಿಗೆ ಸೇರಿಹೋಗದಿರಲೆಂದು ಒಬ್ಬೊಬ್ಬರದು ಒಂದೊಂದು ಬಣ್ಣ. ಕೆಂಪಿನವನು, ನೀಲಿಯವನು, ಹೀಗೆ. ಹಳದಿ ಚುಕ್ಕೆಯವನು ಬೀದಿಯ ಕೊನೆಯಲ್ಲಿ ಸಿಕ್ಕ. ಬಾಗಿಲುಗಳ ರಾಶಿಯ ಮೇಲೆ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದ.

ಆ ಪೆಟ್ಟಿಗೆ ತಾನೇ ಮಾರಿದ್ದೆಂದು ಅವನು ತಕ್ಷಣ ಒಪ್ಪಿಕೊಂಡ. ಶುಕ್ರವಾರ ಮಧ್ಯಾಹ್ನ. ಕೊಂಡವನನ್ನು ಹಿಂದೆಂದೂ ನೋಡಿರಲಿಲ್ಲ. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಫೋನಿನಲ್ಲಿ ಒಂದು ಫೋಟೊ ತೋರಿಸಿ ಇದೇ ಥರದ್ದು ಬೇಕೆಂದ. ಕೆಲಸ ಮಾಡುತ್ತೋ ಇಲ್ಲವೋ ಕೇಳಲಿಲ್ಲ.

"ನಾನೇ ಹೇಳ್ದೆ ಸಾಹೇಬ್ರೆ, ಇದು ಸತ್ತಿರೋದು, ಕೆಲಸಕ್ಕೆ ಬರಲ್ಲ ಅಂತ. ಪರವಾಗಿಲ್ಲ ಅಂದ್ರು. ಚೌಕಾಸಿನೂ ಮಾಡ್ಲಿಲ್ಲ. ಚೌಕಾಸಿ ಮಾಡದ ಗಿರಾಕೀನ ನಾನು ಸಾಯೋವರೆಗೂ ಮರೆಯಲ್ಲ."

"ಮತ್ತೇನು ನೆನಪಿದೆ?"

ಗುಜರಿಯವನು ತನ್ನ ಕನ್ನಡಕ ತೆಗೆದು ಮುಂದೆ ಹಿಡಿದ. ಹಳೆಯ ಕನ್ನಡಕ, ಗೀರುಬಿದ್ದ ಗಾಜು. ಎಡಗಡೆಯ ಕಡ್ಡಿಯನ್ನು ಅವನು ಒಂದು ವರ್ಷದಿಂದ ದಾರದಲ್ಲಿ ಕಟ್ಟಿಕೊಂಡಿದ್ದನಂತೆ. ಆ ಮನುಷ್ಯ ಅದನ್ನು ನೋಡಿ ಸುಮ್ಮನಿರಲಾರದೆ, ಜೇಬಿನಿಂದ ಸಾಸಿವೆಯಷ್ಟು ಸಣ್ಣ ಸ್ಕ್ರೂ ತೆಗೆದು, ಪೆನ್ನಿನಂಥ ಒಂದು ಸ್ಕ್ರೂಡ್ರೈವರಿನಲ್ಲಿ ನಿಂತಲ್ಲೇ ಕೂರಿಸಿಕೊಟ್ಟಿದ್ದ. ಆಮೇಲೆ ಗಾಜನ್ನು ಹಳದಿ ಬಟ್ಟೆಯಲ್ಲಿ ಒರೆಸಿದ್ದ. ಅದೇ ಬಟ್ಟೆಯಲ್ಲಿ ಪೆಟ್ಟಿಗೆಯನ್ನೂ ಒರೆಸುತ್ತ ಹೊರಟುಹೋಗಿದ್ದ.

"ನನ್ನ ಹೆಂಡ್ತಿನೂ ನನ್ನ ಮುಖ ಅಷ್ಟು ಹತ್ತಿರದಿಂದ ನೋಡಿಲ್ಲ," ಎಂದ ಗುಜರಿಯವನು.

ದಫೇದಾರರು ನಕ್ಕರು. ಅವಳು ನಗಲಿಲ್ಲ. ಎಲೆಕ್ಟ್ರಿಷಿಯನ್ನನ ಹೊಸ ಕನ್ನಡಕವೂ, ಆ ಎರಡು ಲೋಟಗಳೂ ಒಟ್ಟಿಗೇ ನೆನಪಾಗಿದ್ದವು.

ಅಂದೇ ಸಂಜೆ ನಾಲ್ಕಕ್ಕೆ ಎಲೆಕ್ಟ್ರಿಷಿಯನ್ನನ್ನು ಠಾಣೆಗೆ ಕರೆಸಿದರು. ಇನ್‌ಸ್ಪೆಕ್ಟರ್ ಈ ಸಲ ಕಿಟಕಿಯ ಕಡೆ ನೋಡಲಿಲ್ಲ.

"ಕನ್ನಡಕ ಎಲ್ಲಿ ಮಾಡಿಸಿದಿರಿ?"

ಅವನು ಜೇಬಿನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡ.

"ಮಾಡಿಸಿದ್ದಲ್ಲ ಸರ್. ಕೊಟ್ಟಿದ್ದು."

"ಯಾರು?"

"ಆ ಕಾರಿನ ಹಳೇ ಮಾಲೀಕರು. ಕನ್ನಡಕದ ಅಂಗಡಿ ಇಟ್ಕೊಂಡಿದ್ದಾರೆ."

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ರಿಜಿಸ್ಟರ್ ಕೇಳಿದ್ರಿ. ಅವರು ಗಾಡಿ ತಂದಿರ್ಲಿಲ್ಲ. ಗಾಡಿ ಇಲ್ಲದೆ ಬಂದವರನ್ನ ನಾವು ಬರೆಯಲ್ಲ." ಡಬ್ಬಿಯನ್ನು ಜೇಬಿನೊಳಗೆ ಸರಿಮಾಡಿಕೊಂಡು ಹೇಳಿದ: "ಅದೂ ಅಲ್ದೆ ನೀವು ಕಳ್ಳನ್ನ ಹುಡುಕ್ತಿದ್ರಿ. ಅವರು ಕಳ್ಳರಲ್ಲ ಸರ್."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಅವಳು ಕಚ್ಚಾ ಹಾಳೆಯಲ್ಲಿ ಬರೆದುಕೊಂಡಳು.

ಹೋದ ಬುಧವಾರ, ಕಾರು ಮುಂಚೆಯೂ ಹೀಗೆ ನಿಲ್ಲುತ್ತಿತ್ತೇ ಎಂದು ಕೇಳಲು ಅವನು ಹಳೆಯ ಮಾಲೀಕನಿಗೆ ಫೋನು ಮಾಡಿದ್ದ. ನಂಬರ್ ಕಾರಿನ ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿತ್ತು. ತನಗೆ ಗೊತ್ತಿಲ್ಲ, ಹೆಂಡತಿ ಓಡಿಸುತ್ತಿದ್ದಳು, ಈಗ ಇಲ್ಲ ಎಂದು ಆ ಕಡೆಯ ದನಿ ಹೇಳಿತ್ತು. ಫೋನು ಇಡಲೂ ಆಗಲಿಲ್ಲ, ಮುಂದೆ ಏನು ಹೇಳಬೇಕೆಂದೂ ತಿಳಿಯಲಿಲ್ಲ. ಅದಕ್ಕೇ ಅವನು ಏನೋ ಸಮಾಧಾನದ ಮಾತು ಆಡಿದ್ದ. ಹನ್ನೊಂದು ವರ್ಷ ಒಬ್ಬರೇ ಓಡಿಸಿದ ಕಾರಿದು, ಪೆಟ್ಟಿಗೆ ಅವರ ಕಾಲನ್ನು ಕಲಿತಿರುತ್ತದೆ. ಎಷ್ಟು ಮೆತ್ತಗೆ ಒತ್ತುತ್ತಿದ್ದರು, ಎಲ್ಲಿ ಬಿಡುತ್ತಿದ್ದರು, ಅದಕ್ಕೆ ತಕ್ಕ ಹಾಗೆ ಸಣ್ಣಸಣ್ಣ ಲೆಕ್ಕ ಇಟ್ಟುಕೊಂಡಿರುತ್ತದೆ. ಹೊಸದಕ್ಕೆ ಎಲ್ಲ ಮೊದಲಿನಿಂದ ಕಲಿಸಬೇಕು.

ಮರುದಿನ ಆ ಮನುಷ್ಯ ಗ್ಯಾರೇಜಿಗೆ ಬಂದ. ಚಾಲಕನ ಪಕ್ಕದ ಸೀಟಿನಲ್ಲಿ ಅರ್ಧ ಗಂಟೆ ಕೂತಿದ್ದ. ಬಿಚ್ಚಿಟ್ಟ ಪೆಟ್ಟಿಗೆಯನ್ನು ನೋಡಿ ಫೋಟೊ ತೆಗೆದುಕೊಂಡ. ಇದನ್ನೇನು ಮಾಡುತ್ತೀರಿ ಎಂದ. ಸೋಮವಾರ ಕೀಯ ಗುರುತು ತೆಗೆದು ಕಂಪನಿಗೆ ಕಳಿಸುತ್ತೇವೆ, ಅವರು ಒಳಗಿರುವುದನ್ನೆಲ್ಲ ಅಳಿಸಿ ಹೊಸದು ಮಾಡುತ್ತಾರೆ ಎಂದು ಎಲೆಕ್ಟ್ರಿಷಿಯನ್ ಹೇಳಿದ. ಹೇಳುತ್ತ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ನಂಬರ್ ಓದಲು ಒದ್ದಾಡಿದ್ದನ್ನು ಆ ಮನುಷ್ಯ ನೋಡಿದ. ಶನಿವಾರ ಮಧ್ಯಾಹ್ನ ಒಂದೂ ಕಾಲಿಗೆ, ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ, ಕನ್ನಡಕ ಹಿಡಿದುಕೊಂಡು ಬಂದ. ಅಂದಾಜಿನ ಮೇಲೆ ಮಾಡಿದ್ದೇನೆ, ಸರಿಯಾಗಿದೆಯಾ ನೋಡಿ ಎಂದ.

"ಸರಿಯಾಗಿತ್ತು ಸರ್," ಎಂದ ಎಲೆಕ್ಟ್ರಿಷಿಯನ್. "ನನಗೆ ಅಂತ ಯಾರಾದ್ರೂ ಏನಾದ್ರೂ ಮಾಡ್ಕೊಂಡು ಬಂದಿದ್ದು ಯಾವಾಗ ಅಂತ ನೆನಪಿಲ್ಲ. ಟೀ ಮಾಡಿ ತರ್ತೀನಿ ಅಂತ ಮೇಲೆ ಓಡಿದೆ. ಸ್ಟೋರ್ ಬಾಗಿಲು ತೆಗೆದೇ ಇತ್ತು."

ಟೀ ಕುಡಿದು ಆ ಮನುಷ್ಯ ಹೋದ. ಸೋಮವಾರ ಆ ಕನ್ನಡಕ ಹಾಕಿಕೊಂಡೇ ಎಲೆಕ್ಟ್ರಿಷಿಯನ್ ಚೀಟಿಯ ನಂಬರ್ ಓದಿದ್ದ. ಅದಿಲ್ಲದಿದ್ದರೆ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ನಕಲು ಮಾಡುವಾಗ ಪೆಟ್ಟಿಗೆ ಉತ್ತರ ಕೊಡದಿದ್ದರೆ ಪೂರ್ತಿ ಸತ್ತಿದೆ ಎಂದುಕೊಂಡು, ಕಂಪನಿಯಿಂದ ಬೇರೆ ಕೀ ತರಿಸಿ, ಅದನ್ನೇ ಹಿಂದಕ್ಕೆ ಕಳಿಸಿಬಿಡುತ್ತಿದ್ದ. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ನಂಬರ್ ನೋಡಿದ ಕೂಡಲೇ ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಸರ್."

"ಆದರೂ ಬದಲಾಗಿದೆ ಅಂತ ನಿಮ್ಮ ಭಾವನಿಗೆ ಹೇಳಿದಿರಿ."

"ನಂಬರ್ ಬೇರೆ ಇದ್ರೆ ಬೇರೆ ಅಂತ ಹೇಳಲೇಬೇಕಲ್ಲ ಸರ್. ಆ ನರ್ಸಮ್ಮನ ಗಾಡಿ ನಿಂತಿದೆ. ಯಾರು ಅಂತ ಹೇಳೋಕೆ ಮಾತ್ರ ಬಾಯಿ ಬರಲಿಲ್ಲ."

ಇನ್‌ಸ್ಪೆಕ್ಟರ್ ಎದ್ದು ಹೋಗಿ ನೀರು ಕುಡಿದು ಬಂದರು. "ಪೆಟ್ಟಿಗೆ ಕಾಲು ಕಲಿಯುತ್ತೆ ಅಂದಿರಲ್ಲ, ಅದು ನಿಜವಾ, ಸುಮ್ಮನೆ ಹೇಳಿದ್ದಾ?"

"ನಿಜಾನೇ ಸರ್. ಆದ್ರೆ..." ಅವನು ಅವಳ ಪೆನ್ನಿನ ಕಡೆ ನೋಡಿದ. "ಕಲಿತದ್ದು ಬ್ಯಾಟರಿ ಇರೋವರೆಗೆ ಮಾತ್ರ. ಪೆಟ್ಟಿಗೆ ಬಿಚ್ಚೋ ಮೊದಲು ಬ್ಯಾಟರಿ ತಂತಿ ತೆಗೀಬೇಕು. ತೆಗೆದು ಎರಡು ದಿನ ಹಾಗೇ ಬಿಟ್ಟಿದ್ದೆ. ಆಗಲೇ ಎಲ್ಲ ಹೋಯ್ತು. ಕೀಯ ಗುರುತೊಂದು ಬೇರೆ ಚಿಪ್ಪಲ್ಲಿರುತ್ತೆ, ಅದು ಹೋಗಲ್ಲ. ಅವರು ತಗೊಂಡು ಹೋದಾಗ ಅದರಲ್ಲಿ ಆ ಅಮ್ಮನ ಕಾಲು ಇರಲೇ ಇಲ್ಲ ಸರ್."

ಅವಳು ಅದನ್ನೂ ಬರೆದುಕೊಂಡಳು.

ಗುರುವಾರ ಬೆಳಿಗ್ಗೆ 10.40. ಕನ್ನಡಕದ ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಪುಸ್ತಕದ ಸಂದಿನಲ್ಲಿಟ್ಟ ಹಾಳೆಯಂತೆ ಇತ್ತು. ಒಳಗೆ ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ದೊಡ್ಡದರಿಂದ ಸಣ್ಣದಾಗುತ್ತ ಹೋಗುವ ಅಕ್ಷರಗಳ ಪಟ, ಪಕ್ಕಗಳಲ್ಲಿ ಕನ್ನಡಿ. ಅಂಗಡಿಯವನು ಒಬ್ಬ ಮುದುಕಿಯ ಕಿವಿಯ ಹಿಂದೆ ಕಡ್ಡಿ ಕೂರಿಸುತ್ತಿದ್ದ. ಅವಳ ಮುಖವನ್ನು ಎರಡು ಅಂಗೈಯ ನಡುವೆ ಹಿಡಿದು, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ನೋಯುತ್ತಾ ಎಂದು ಕೇಳುತ್ತಿದ್ದ. ಇನ್‌ಸ್ಪೆಕ್ಟರ್ ಅವಸರಪಡಿಸಲಿಲ್ಲ. ಮುದುಕಿ ಹೋಗುವವರೆಗೆ ಮೂವರೂ ಬಾಗಿಲಲ್ಲಿ ನಿಂತರು.

ಮುದುಕಿ ಹೊರಗೆ ಹೋದ ಮೇಲೆ ಅವನು ಕೈ ಒರೆಸಿಕೊಂಡು, "ಗ್ಯಾರೇಜಿನವರಿಗೆ ತೊಂದರೆ ಆಯ್ತಾ?" ಎಂದ.

"ಆಗಿದೆ. ಎಲೆಕ್ಟ್ರಿಷಿಯನ್ ಮೇಲೆ ದೂರು ಬಂದಿದೆ. ಇರೋ ಕೋಣೆ ಹೋಗೋ ಹಾಗಿದೆ."

ಅದು ತನಗೆ ತಿಳಿದಿರಲಿಲ್ಲವೆಂದು, ಸತ್ತ ಪೆಟ್ಟಿಗೆಯ ಜಾಗದಲ್ಲಿ ಸತ್ತ ಪೆಟ್ಟಿಗೆ ಇಟ್ಟರೆ ಯಾರಿಗೂ ನಷ್ಟವಿಲ್ಲವೆಂದು ಎಣಿಸಿದ್ದೆನೆಂದು ಹೇಳಿದ. ಹೇಳುತ್ತಲೇ ಗಲ್ಲೆಯ ಕೆಳಗಿನ ಒಂದು ಅಗಲವಾದ ಖಾನೆ ಎಳೆದ. ಮಾಡಿಸಿ ಒಯ್ಯಲು ಬಾರದವರ ಕನ್ನಡಕಗಳ ಖಾನೆ ಅದು. ಒಂದೊಂದರ ಮೇಲೂ ಒಂದು ಹೆಸರು, ಒಂದು ತಾರೀಖು. ಕೆಲವು ಹತ್ತು ವರ್ಷ ಹಳೆಯವು. ಅವುಗಳ ನಡುವೆ, ಹಳದಿ ಬಟ್ಟೆಯ ಮೇಲೆ, ಪೆಟ್ಟಿಗೆ. ಅದರ ಪಕ್ಕ ಹೆಂಗಸರ ಕಂದುಬಣ್ಣದ ಕನ್ನಡಕ. ಅದಕ್ಕೆ ಚೀಟಿ ಇರಲಿಲ್ಲ.

ಪೆಟ್ಟಿಗೆಯನ್ನು ಎತ್ತಿ ಗಲ್ಲೆಯ ಮೇಲಿಟ್ಟ. ಬೆರಳಿನ ಗುರುತು ಬಿದ್ದಿತ್ತು. ಬಟ್ಟೆ ತೆಗೆದುಕೊಂಡು ಒರೆಸಲು ಹೋದ.

"ಒರೆಸಬೇಡಿ ಯಜಮಾನ್ರೆ," ಎಂದರು ದಫೇದಾರರು, ಅಪರೂಪಕ್ಕೆ ಮೆಲ್ಲಗೆ.

ಅವನ ಕೈ ಗಾಳಿಯಲ್ಲೇ ನಿಂತಿತು.

ಪಂಚರ ಸಮಕ್ಷಮ ಮಾಲು ವಶಪಡಿಸಿಕೊಂಡು 11.30ಕ್ಕೆ ಅವನನ್ನು ಬಂಧಿಸಿರುವುದಾಗಿ ತಿಳಿಸಿದರು. ಯಾರಿಗೆ ತಿಳಿಸಬೇಕು ಎಂದು ನಿಯಮದ ಪ್ರಕಾರ ಅವಳು ಕೇಳಿದಳು. ಅವನು ಅಂಗಡಿಯ ಆರ್ಡರ್ ಪುಸ್ತಕ ತೆಗೆದು ನೋಡಿದ. ಸಂಜೆ ನಾಲ್ಕಕ್ಕೆ ಒಬ್ಬ ಮೇಷ್ಟರು ಕನ್ನಡಕ ಒಯ್ಯಲು ಬರುತ್ತಾರೆ, ಅವರಿಗೊಂದು ಮಾತು ಹೇಳಿದರೆ ಸಾಕು ಎಂದ. ಆ ಕಾಲಮಿನಲ್ಲಿ ಏನು ಬರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಮೇಷ್ಟರು ಎಂದೇ ಬರೆದಳು.

ಠಾಣೆಯಲ್ಲಿ ಹೇಳಿಕೆ ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯಲೂ ಇಲ್ಲ, ಹೆಂಡತಿ ಇದ್ದಳಲ್ಲ. ಬೆಳಿಗ್ಗೆ ಅಂಗಡಿಗೆ ಬಿಡುತ್ತಿದ್ದಳು, ಸಂಜೆ ಬಂದು ಕರೆದೊಯ್ಯುತ್ತಿದ್ದಳು. ಅವಳು ಹೋದ ಮೇಲೆ ಕಾರು ಮನೆಯ ಮುಂದೆ ಒಂದು ವರ್ಷ ನಿಂತಿತ್ತು. ನಿಂತೇ ಹಾಳಾಗುತ್ತದೆಂದು ನೆರೆಯವರು ಹೇಳಿದ್ದರಿಂದ ಮಾರಿದ. ಮಾರಿದಾಗ ಇಷ್ಟು ಅನ್ನಿಸಿರಲಿಲ್ಲ. ಫೋನಿನಲ್ಲಿ ಆ ಮಾತು ಕೇಳಿದ ಮೇಲೆ ಅಂಗಡಿಯಲ್ಲಿ ಕೂರಲಾಗಲಿಲ್ಲ.

"ಹನ್ನೊಂದು ವರ್ಷ ಪಕ್ಕದ ಸೀಟಲ್ಲೇ ಕೂತಿದ್ದೆ," ಎಂದ. "ರಸ್ತೆ ನೋಡ್ತಾ ಇದ್ದೆ. ಮಾತಾಡ್ತಾ ಇದ್ದೆ. ಎಲ್ಲರ ಕಣ್ಣು ನೋಡೋ ಕೆಲಸ ನಂದು. ಅವಳ ಕಾಲು ಒಂದು ದಿನವೂ ನೋಡಿರಲಿಲ್ಲ. ನನಗೆ ಗೊತ್ತಿಲ್ಲದ್ದು ಆ ಪೆಟ್ಟಿಗೆಗೆ ಗೊತ್ತಿದೆ ಅಂದ್ರು. ಸೋಮವಾರ ಅಳಿಸಿಬಿಡ್ತಾರೆ ಅಂದ್ರು."

"ನರ್ಸು ಎರಡು ತಿಂಗಳು ಓಡಿಸಿದ್ದಾರಲ್ಲ?"

"ಹನ್ನೊಂದು ವರ್ಷದ ಮುಂದೆ ಎರಡು ತಿಂಗಳು ಯಾವ ಲೆಕ್ಕ ಸರ್?"

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡಿದರು. ನಂತರದ ಪ್ರಶ್ನೆ ಕೇಸಿಗೆ ಬೇಕಾದದ್ದಾಗಿರಲಿಲ್ಲ. "ಕೇಳಿದ್ರೆ ಕೊಡ್ತಿದ್ರೇನೋ. ಯಾಕೆ ಕೇಳಲಿಲ್ಲ?"

"ಏನಂತ ಕೇಳಲಿ?" ಎಂದ ಅವನು. "ನನ್ನ ಹೆಂಡತಿಯ ಕಾಲು ಕೊಡಿ ಅಂತಲಾ?"



ಮೂರು ಗಂಟೆಗೆ ಮಾಲು ಗುರುತಿಸಲು ಎಲೆಕ್ಟ್ರಿಷಿಯನ್ ಬಂದ. ಒಳಗೆ ಬಂದವನು ಮೇಜಿನ ಮೇಲಿನ ಪೆಟ್ಟಿಗೆಯನ್ನು ನೋಡಿದ, ಕನ್ನಡಕದವನನ್ನು ನೋಡಿದ, ನಿಂತ. ಕನ್ನಡಕದವನು ಬೆಂಚಿನಿಂದ ಎದ್ದ. ತಪ್ಪಾಯಿತು ಎನ್ನುತ್ತಾನೆಂದು ಅವಳು ಎಣಿಸಿದ್ದಳು.

"ಬಲಗಡೆ ಸ್ವಲ್ಪ ಇಳಿದಿದೆ. ತನ್ನಿ ಇಲ್ಲಿ," ಎಂದ.

ಎಲೆಕ್ಟ್ರಿಷಿಯನ್ ಕನ್ನಡಕ ತೆಗೆದುಕೊಟ್ಟ. ಅವನು ಕಡ್ಡಿಯನ್ನು ಹೆಬ್ಬೆರಳಿನಲ್ಲಿ ಒಂದಿಷ್ಟು ಬಗ್ಗಿಸಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ, ಎರಡು ಕೈಯಲ್ಲಿ ಅವನ ಮುಖಕ್ಕೆ ಹಾಕಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಎಲೆಕ್ಟ್ರಿಷಿಯನ್ ಮಗುವಿನ ಹಾಗೆ ಮುಖ ಕೊಟ್ಟು ನಿಂತಿದ್ದ.

ನಂಬರ್ ಓದಿ, ಇದೇ ಪೆಟ್ಟಿಗೆ ಎಂದು ಅವನು ಸಹಿ ಮಾಡಿದ. ಅವನು ಹೊರಡುವಾಗ ಕನ್ನಡಕದವನು ಕೇಳಿದ:

"ಒಂದು ಮಾತು. ಈಗ ಇದಕ್ಕೆ ಕರೆಂಟಿಲ್ಲ, ಕಾರಿಲ್ಲ. ಹೀಗೆ ಸುಮ್ಮನೆ ಇಟ್ಟಿದ್ರೂ ಇದಕ್ಕೆ ನೆನಪಿರುತ್ತಾ?"

ಅವಳು ತಲೆಯೆತ್ತಲಿಲ್ಲ. ಕಚ್ಚಾ ಹಾಳೆ ಅವಳ ಕೈಯ ಕೆಳಗೇ ಇತ್ತು, ಬ್ಯಾಟರಿಯ ಆ ಸಾಲಿನ ಮೇಲೇ ಅವಳ ಅಂಗೈ.

ಎಲೆಕ್ಟ್ರಿಷಿಯನ್ ಒಮ್ಮೆ ಇನ್‌ಸ್ಪೆಕ್ಟರರ ಕಡೆ ನೋಡಿದ. ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

"ಅದರ ಕೀ ನೆನಪಿರುತ್ತೆ ಸರ್," ಎಂದ. "ಆ ಅಮ್ಮ ದಿನಾ ಹಾಕಿ ತಿರುಗಿಸ್ತಿದ್ರಲ್ಲ, ಅದು. ಅದು ಯಾವತ್ತೂ ಹೋಗಲ್ಲ."

"ಸಾಕು," ಎಂದು ಕನ್ನಡಕದವನು ಕುಳಿತುಕೊಂಡ.

ಶುಕ್ರವಾರ ಅವನಿಗೆ ಜಾಮೀನು ಸಿಕ್ಕಿತು. ನ್ಯಾಯಾಲಯದ ಅನುಮತಿ ಪಡೆದು, ಠಾಣೆಯ ಮೇಜಿನ ಮೇಲೆಯೇ ಪ್ರತ್ಯೇಕ ಬ್ಯಾಟರಿಯೊಂದಕ್ಕೆ ಪೆಟ್ಟಿಗೆಯನ್ನು ಸೇರಿಸಿ ಎಲೆಕ್ಟ್ರಿಷಿಯನ್ ಕೀಯ ಗುರುತನ್ನು ನಕಲು ಮಾಡಿಕೊಂಡು ಹೋದ. ಶನಿವಾರ ಮಧ್ಯಾಹ್ನ ಒಂದು ಸಹಿಗಾಗಿ ಅವಳು ಗ್ಯಾರೇಜಿಗೆ ಹೋದಾಗ ಬಿಳಿ ಕಾರು ಸ್ಟಾರ್ಟ್ ಆಗಿ ನಿಂತಿತ್ತು. ಎಂಜಿನ್ ಒಂದೇ ಸಮನೆ ಇರದೆ ಏರಿ ಇಳಿಯುತ್ತಿತ್ತು. ಇನ್ನೊಂದು ವಾರ ಹೀಗೇ ತಡವರಿಸುತ್ತದೆ, ಆಮೇಲೆ ನಿಮ್ಮ ಕಾಲು ಕಲಿಯುತ್ತದೆ ಎಂದು ಅವನು ನರ್ಸಿಗೆ ಹೇಳುತ್ತಿದ್ದ. ಹೇಳಿ, ಹೇಳಬಾರದ್ದನ್ನು ಹೇಳಿದವನಂತೆ ಬಾನೆಟ್ ಮುಚ್ಚಲು ತಿರುಗಿದ.

ಹಿಂದಿನ ಮನೆಯಿಂದ ಮಾಲೀಕ ಕೂಗಿದ: "ಊಟಕ್ಕೆ ಬಾರೋ. ನಿನ್ನಕ್ಕ ಬಡಿಸಿಟ್ಟು ಕಾಯ್ತಿದ್ದಾಳೆ."

"ನಂದು ಮೇಲೆ ಆಗಿದೆ ಭಾವ," ಎಂದ ಅವನು. ಆಗಿರಲಿಲ್ಲ. ಬೀಗದ ಕೈ ಸೊಂಟದಲ್ಲಿ ಮೊದಲಿನ ಹಾಗೇ ತೂಗುತ್ತಿತ್ತು. ಸ್ಟೋರಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಒಬ್ಬನೇ ಮೆಟ್ಟಿಲು ಹತ್ತಿದ.

ಠಾಣೆಗೆ ಮರಳಿ ಅವಳು ಎಲೆಕ್ಟ್ರಿಷಿಯನ್ನನ ಹೇಳಿಕೆಯನ್ನು ಚೊಕ್ಕಟವಾಗಿ ನಕಲು ಮಾಡಿದಳು. ಆರೋಪಪಟ್ಟಿಯ ಜೊತೆ ಅದರ ಪ್ರತಿ ಆರೋಪಿಗೂ ಹೋಗುತ್ತದೆ. ಬ್ಯಾಟರಿಯ ತಂತಿಯ ಸಾಲಿಗೆ ಬಂದಾಗ ಪೆನ್ನು ಅದನ್ನು ದಾಟಿ ಮುಂದಿನ ಸಾಲಿಗೆ ಹೋಯಿತು. ಇನ್‌ಸ್ಪೆಕ್ಟರ್ ಕಚ್ಚಾ ಹಾಳೆಯನ್ನೂ ಚೊಕ್ಕ ಪ್ರತಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು. ಅವಳು ನಿಂತೇ ಇದ್ದಳು.

"ಒಂದು ಸಾಲು ಬಿಟ್ಟುಹೋಗಿದೆ," ಎಂದರು.

"ಹೌದು ಸರ್."

"ಕಳವಿಗೆ ಸಂಬಂಧಪಟ್ಟದ್ದಾ?"

"ಅಲ್ಲ ಸರ್."

ಅವರು ಕಿಟಕಿಯ ಹೊರಗೆ ನೋಡಿ, ಸಹಿ ಹಾಕಿ, ಕಚ್ಚಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

ಕೇಸ್ ಡೈರಿಯಲ್ಲಿ ಉದ್ದೇಶದ ಕಾಲಮು ಒಂದೇ ಖಾಲಿ ಉಳಿದಿತ್ತು. ಅವಳು ಬರೆದಳು: ಆರೋಪಿಯು ಕದ್ದ ಮಾಲಿನಿಂದ ಯಾವುದೇ ಲಾಭ ಪಡೆದಿರುವುದಿಲ್ಲ. ಪಡೆಯುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ ಎಂಬುದನ್ನು ಬರೆಯಲಿಲ್ಲ. ಪುಸ್ತಕ ಮುಚ್ಚಿ, ಪೆಟ್ಟಿಗೆಗೆ ಚೀಟಿ ಕಟ್ಟಿ, ಮುದ್ದೇಮಾಲಿನ ಕೋಣೆಯ ಕಪಾಟಿನಲ್ಲಿ ಇಟ್ಟಳು. ಕಟ್ಟುವಾಗ ಅವಳ ಬೆರಳಿನ ಗುರುತು ಬಿದ್ದಿತ್ತು. ಬಾಗಿಲ ತನಕ ಬಂದವಳು ಹಿಂದಿರುಗಿ ಹೋಗಿ ಕರವಸ್ತ್ರದಿಂದ ಅದನ್ನು ಒರೆಸಿ ಬಂದಳು.